ಚಳಕು

ದುಭಾಷಿಗೆ ಮೊದಲ ದಿನವೇ ಹೇಳಿಕೊಡುತ್ತಾರೆ:
ಅವರು 'ನಾನು' ಅಂದರೆ ನೀನೂ 'ನಾನು' ಅನ್ನು.
ನಿನ್ನದೇ ಏನಾದರೂ ಹೇಳುವುದಿದ್ದರೆ ಮಾತ್ರ
'ದುಭಾಷಿ ಹೇಳುತ್ತಿದ್ದಾಳೆ' ಎನ್ನಬೇಕು,
ಪಕ್ಕದ ಮನೆಯವಳ ಸುದ್ದಿ ಹೇಳುವ ಹಾಗೆ.

ಗ್ರಿಮ್ಸ್‌ಬಿಯ ಆಸ್ಪತ್ರೆ, ಎರಡನೆಯ ಮಹಡಿ.
ಕಿಟಕಿಯಾಚೆ ಮೀನು ಕಾರ್ಖಾನೆಯ ಲಾರಿಗಳು.
ಮೇಜಿನ ಮೇಲೆ ಬಿಸ್ಕತ್ತು, ನೀರಿನ ಜಗ್ಗು,
ಕಣ್ಣೊರೆಸುವ ಕಾಗದದ ಡಬ್ಬಿ,
ಅದನ್ನು ಮೊದಲೇ ಶಂಕ್ರವ್ವನ ಕಡೆ ತಿರುಗಿಸಿಟ್ಟಿದ್ದಾರೆ.

ಪತ್ರವನ್ನು ಕನ್ನಡಕ್ಕೆ ತಂದವಳೂ ನಾನೇ:
'ಸಂವಹನದಲ್ಲಿ ಕೊರತೆ ಉಂಟಾಗಿರುವುದು ಕಂಡುಬಂದಿದೆ.'
ಉಂಟಾಗಿದೆ. ಕಂಡುಬಂದಿದೆ.
ಮಾಡಿದವರಿಲ್ಲ, ಕಂಡವರಿಲ್ಲ,
ಹಾಲು ತಾನೇ ಒಡೆದುಕೊಂಡಂತೆ.
ಎಷ್ಟು ಸಲೀಸಾಗಿ ಇಳಿಯಿತು ಕೈಯಿಂದ ಆ ವಾಕ್ಯ!
ವರದಿಯಲ್ಲಿ ನನಗೆ ಹೆಸರಿಲ್ಲ, ಸಂಖ್ಯೆಯಿದೆ: 4471.
ಪಟ್ಟಿಯಲ್ಲಿ ಕನ್ನಡಕ್ಕೆ ಇರುವುದೇ ಇಬ್ಬರು.
ಆದರೂ ಯಾರೂ ಕೇಳಲಿಲ್ಲ.

ಫೆಬ್ರವರಿ, ರಾತ್ರಿ ಎರಡೂ ಹತ್ತರ ಕರೆ.
ನಾನಿದ್ದದ್ದು ರೆಡಿಂಗ್‌ನಲ್ಲಿ, ರಜಾಯಿಯೊಳಗೆ, ಕಿವಿಗೆ ಹೆಡ್‌ಫೋನು.
ಆಚೆ ಸ್ಪೀಕರಿನಲ್ಲಿ ಹೆಂಗಸೊಬ್ಬಳ ಬಿಕ್ಕು,
ಮತ್ತೆ ಕಳಕಪ್ಪ, ಹೋಟೆಲಿನ ತಂದೂರಿ ಒಲೆಯವನು,
ಗಜೇಂದ್ರಗಡದ ಕಡೆಯ ಮಾತು, ಅರ್ಧ ಉಸಿರು:
'ಎದಿ ಉರಿಯಾಕತ್ತೈತ್ರಿ. ರಟ್ಟಿಗೆ ಚಳಕು ಬರಾಕತ್ತಾವ.'

ಎದೆಯುರಿ, ಅಂದೆ ನಾನು ಇಂಗ್ಲಿಷಿನಲ್ಲಿ,
ಮೆಣಸಿನಕಾಯಿ ಬೋಂಡ ತಿಂದವರಿಗೆ ಬರುತ್ತದಲ್ಲ, ಆ ಪದ.
ಚಳಕು?
ಮೈಸೂರಿನ ಅಗ್ರಹಾರದಲ್ಲಿ ಬೆಳೆದ ನನ್ನ ಕಿವಿ
ಅದನ್ನು ಚಳಿ ಮಾಡಿಕೊಂಡಿತು.
ಇನ್ನೊಮ್ಮೆ ಹೇಳಿ ಅನ್ನಬಹುದಿತ್ತು.
ಅಮ್ಮನ ಭಾಷೆಯಲ್ಲೇ ಅರ್ಥ ಕೇಳುವುದಕ್ಕೆ ನಾಚಿಕೆ.
'ಸ್ವಲ್ಪ ಚಳಿಯಂತೆ' ಅಂದುಬಿಟ್ಟೆ.
ಫೆಬ್ರವರಿ. ಯಾರಿಗಿಲ್ಲ ಚಳಿ?

ಬಿಳೀ ಔಷಧಿ ಕುಡಿಸಿ ಕೂರಿಸಿದರಂತೆ.
ನಾಲ್ಕೂವರೆಗೆ ಕುರ್ಚಿಯಿಂದ ಜಾರಿದನಂತೆ.
ನನ್ನ ಕರೆ ಒಂಬತ್ತು ನಿಮಿಷಕ್ಕೆ ಮುಗಿದಿತ್ತು.
ಆ ಪದ ಮತ್ತೆ ಸಿಕ್ಕಿದ್ದು ಐದು ತಿಂಗಳ ಮೇಲೆ,
ಶಂಕ್ರವ್ವ ಬರೆಸಿದ ದೂರಿನಲ್ಲಿ.
ಆಗ ನಿಘಂಟು ತೆಗೆದೆ.
ಥಟ್ಟನೆ ಹಿಡಿಯುವ ನೋವು. ಅಷ್ಟೇ, ಒಂದೇ ಸಾಲು.

ಈಗ ಡಾಕ್ಟರ್ ಬ್ಲೈಥ್. ಮೂವತ್ತೂ ಆಗಿಲ್ಲ, ಕಚ್ಚಿದ ಉಗುರು.
ಅಧಿಕಾರಿ ಮುಂದೆ ಸರಿಸಿದ ಹಾಳೆ ನೋಡದೆ ಹೇಳಿದಳು.
ನಾನು ಕನ್ನಡಿಸಿದೆ:
'ನಾನು ಇಸಿಜಿ ಮಾಡಿಸಬೇಕಿತ್ತು. ಮಾಡಿಸಲಿಲ್ಲ.
ಅವರ ಮುಖ ನೋಡಬೇಕಿತ್ತು, ಫೋನು ನೋಡುತ್ತಿದ್ದೆ.
ತಪ್ಪು ನನ್ನದು.'
'ತಪ್ಪಾಯಿತು' ಅನ್ನಬಹುದಿತ್ತು ನಾನು,
ನಮ್ಮಲ್ಲಿ ಅದೇ ರೂಢಿ, ಅದೇ ಮರ್ಯಾದೆ.
ಅವಳು ಹಾಗನ್ನಲಿಲ್ಲವಲ್ಲ.
ನನ್ನದು ಅಂದಳು, ನನ್ನದು ಅಂದೆ.
ನಿಯಮದ ಪ್ರಕಾರ ಆ 'ನನ್ನದು' ನನ್ನದಲ್ಲ.

ನೀರು ಕುಡಿದೆ.
'ದುಭಾಷಿ ಹೇಳಬಯಸುತ್ತಾಳೆ' ಎಂದು ಇಂಗ್ಲಿಷಿನಲ್ಲಿ ಶುರುಮಾಡಿ
ಅಲ್ಲೇ ನಿಂತೆ. ಅಧಿಕಾರಿಯ ಪೆನ್ನೂ ನಿಂತಿತು.
ಕನ್ನಡಕ್ಕೆ ಹೊರಳಿದೆ.
'ಶಂಕ್ರವ್ವ, ಆ ರಾತ್ರಿ ಫೋನಿನಲ್ಲಿದ್ದದ್ದು ನಾನು.
ನಿಮ್ಮ ಯಜಮಾನರು ಚಳಕು ಅಂದರು. ನಾನು ಚಳಿ ಅಂದೆ.'

ಆಕೆ ಡಬ್ಬಿಯನ್ನು ನನ್ನ ಕಡೆ ದೂಡಿದಳು.
'ನೀವು ಒಳಗ ಬಂದು ನಮಸ್ಕಾರ ಅಂದಾಗನ
ದನಿ ಗುರ್ತು ಹಿಡದೀನ್ರಿ.
ಹೇಳ್ತೀರೋ ಇಲ್ಲೋ ಅಂತ ಕುಂತಿದ್ದೆ.'
ಸ್ವಲ್ಪ ಹೊತ್ತು ಬಿಟ್ಟು:
'ಸಿಟ್ಟು ಹೋಗಿಲ್ರಿ. ನಿಮ್ಮ ಮ್ಯಾಲೂ ಐತಿ, ಆಕಿ ಮ್ಯಾಲೂ ಐತಿ.
ಖರೇ, ಎದಿ ಒಂಚೂರು ಅಳ್ಳಕಾತು.
ಅವರಿಗೂ ಹೇಳ್ರಿ. ಏನೂ ಬಿಡಬ್ಯಾಡ್ರಿ.'

ಅಳ್ಳಕ.
ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು.
ಹಾಗಂದರೇನು ಶಂಕ್ರವ್ವ, ಕೇಳಿದೆ,
ನನಗೆ ಗೊತ್ತಿಲ್ಲ.